ಆಟಕ್ಕುಂಟು, ಲೆಕ್ಕಕ್ಕಿಲ್ಲ



ಒಂದು ಯುಗಾದಿ ಕಾರ್ಯಕ್ರಮದ ದಿನ. ಒಳಗೆ ನಾಟಕ ನಡೆಯುತ್ತಿತ್ತು, ಹೊರಗೆ ಹುಲ್ಲಿನ ಮೇಲೆ ಒಂದಿಪ್ಪತ್ತು ಮಕ್ಕಳು ಜೂಟಾಟ ಆಡುತ್ತಿದ್ದರು. ಎಂಟು ವರ್ಷದ ನಮ್ಮ ಮಗ ಮಾತ್ರ ಬೇಲಿ ಪಕ್ಕ ನಿಂತು ಕಾರುಗಳ ನಂಬರ್ ಪ್ಲೇಟ್ ಓದುತ್ತಿದ್ದ. "ಹೋಗಿ ಆಡೋ" ಎಂದೆ. ಹೋದ. ಓಡುತ್ತಿದ್ದ ಮಕ್ಕಳ ನಡುವೆ ನಿಂತು ಬಾರ್ಟ್ ರೈಲಿನ ಹಳೆಯ ಬೋಗಿಗೂ ಹೊಸ ಬೋಗಿಗೂ ಏನು ವ್ಯತ್ಯಾಸ ಅಂತ ವಿವರಿಸತೊಡಗಿದ. ಯಾರೂ ನಿಲ್ಲಲಿಲ್ಲ. ವಾಪಸ್ ಬಂದು, "ಅಪ್ಪ, ಅವರಿಗೆ ನಾನು ಬೇಡ" ಎಂದ. ಅವತ್ತು ಹೋಳಿಗೆ ಊಟ ನನಗೆ ಸೇರಲಿಲ್ಲ.

"ನಾಚಿಕೆ ಸ್ವಭಾವ, ದೊಡ್ಡವನಾದ ಮೇಲೆ ಸರಿಹೋಗ್ತಾನೆ" ಅಂತ ಎಲ್ಲರೂ ಹೇಳಿದರು. ನಾವೂ ಅದನ್ನೇ ನಂಬಿಕೊಂಡು ಎರಡು ವರ್ಷ ಕಳೆದಿದ್ದೆವು. ಕೊನೆಗೆ ಮಕ್ಕಳ ಡಾಕ್ಟರ ಸಲಹೆಯಂತೆ ಪರೀಕ್ಷೆ ಮಾಡಿಸಿದಾಗ ಆಟಿಸಂ ಸ್ಪೆಕ್ಟ್ರಮ್ ಎಂದು ತಿಳಿಯಿತು. ಬುದ್ಧಿ ಚುರುಕು, ಮಾತು ಸಲೀಸು. ಆದರೆ ನಡೆಯುತ್ತಿರುವ ಆಟಕ್ಕೆ ಹೇಗೆ ಸೇರಿಕೊಳ್ಳಬೇಕು ಅನ್ನುವುದು ಅವನಿಗೆ ತಾನಾಗಿ ಹೊಳೆಯುವುದಿಲ್ಲ. ಅವರು ಸೂಚಿಸಿದ್ದು ಸೋಷಿಯಲ್ ಸ್ಕಿಲ್ಸ್ ಗ್ರೂಪ್. ಮೊದಲು ನನಗೆ ನಗು ಬಂತು: ಸ್ನೇಹ ಮಾಡುವುದಕ್ಕೂ ಕೋಚಿಂಗ್ ಕ್ಲಾಸೇ?

ಗುಂಪಿನಲ್ಲಿ ನಡೆಯುವುದೇನು?

ನಾಲ್ಕು ಮಕ್ಕಳು, ಒಬ್ಬರು ತರಬೇತಾದ ಥೆರಪಿಸ್ಟ್, ವಾರಕ್ಕೊಂದು ಗಂಟೆ. ಹೊರಗಿನಿಂದ ನೋಡಿದರೆ ಬರೀ ಆಟ. ಒಳಗೆ ಪ್ರತಿ ವಾರ ಒಂದೇ ಒಂದು ಚಿಕ್ಕ ಪಾಠ. ಉದಾಹರಣೆಗೆ, ಮಾತನಾಡುತ್ತಿರುವವರ ಜೊತೆ ಸೇರುವುದು ಹೇಗೆ? ಮೊದಲು ಸ್ವಲ್ಪ ದೂರದಲ್ಲಿ ನಿಂತು ಕೇಳು. ಯಾವ ವಿಷಯ ಅಂತ ತಿಳಿದುಕೋ. ಹತ್ತಿರ ಹೋಗು. ಮಾತು ನಿಂತಾಗ ಅದೇ ವಿಷಯದ ಬಗ್ಗೆ ಒಂದು ಮಾತು ಹೇಳು. ಅವರು ನಿನ್ನ ಕಡೆ ತಿರುಗಿದರೆ ಮುಂದುವರಿಸು. ತಿರುಗದಿದ್ದರೆ ಬೇಸರಪಡದೆ ಹೊರಟು ಬಾ, ಇನ್ನೊಂದು ಗುಂಪು ನೋಡು. ಇದು ಯುಸಿಎಲ್‌ಎಯಲ್ಲಿ ಎಲಿಜಬೆತ್ ಲಾಗಸನ್ ಮತ್ತು ಫ್ರೆಡ್ ಫ್ರಾಂಕೆಲ್ ರೂಪಿಸಿದ 'ಪೀರ್ಸ್' ಎಂಬ ಕಾರ್ಯಕ್ರಮದ ಪದ್ಧತಿ. 2010ರಲ್ಲಿ ಪುಸ್ತಕವಾಗಿ ಬಂದ ಇದು ಹದಿಹರೆಯದವರಿಗಾಗಿ 14 ವಾರಗಳ ಪಾಠ. ಮಕ್ಕಳು ಒಂದು ಕೋಣೆಯಲ್ಲಿ ಕಲಿಯುವಾಗ ಅಪ್ಪ ಅಮ್ಮಂದಿರು ಇನ್ನೊಂದು ಕೋಣೆಯಲ್ಲಿ ಕಲಿಯುತ್ತಾರೆ. ಹೋಮ್‌ವರ್ಕ್ ಇಬ್ಬರಿಗೂ ಉಂಟು!

ನಮ್ಮ ಬೇ ಏರಿಯಾದಲ್ಲೇ ಹುಟ್ಟಿದ ಪದ್ಧತಿಯೂ ಇದೆ. ಸ್ಯಾನ್ ಹೋಸೆಯ ಸ್ಪೀಚ್ ಥೆರಪಿಸ್ಟ್ ಮಿಶೆಲ್ ಗಾರ್ಸಿಯಾ ವಿನ್ನರ್ 1990ರ ದಶಕದಲ್ಲಿ ಶುರುಮಾಡಿದ 'ಸೋಷಿಯಲ್ ಥಿಂಕಿಂಗ್'ನ ಮಾತುಗಳನ್ನು ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಕೇಳಬಹುದು.

ನನ್ನಂಥ ಇಂಜಿನಿಯರಿಗೆ ಹೆಚ್ಚು ಹಿಡಿಸಿದ್ದು ಲೆಗೊ ಗುಂಪು. ಮನಶ್ಶಾಸ್ತ್ರಜ್ಞ ಡೇನಿಯಲ್ ಲಗಾಫ್ ತಮ್ಮ ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ ಇಬ್ಬರು ಮಕ್ಕಳು ಲೆಗೊ ಹಿಡಿದು ತಾವಾಗಿ ಮಾತಿಗೆ ತೊಡಗಿದ್ದನ್ನು ಗಮನಿಸಿದರು. ಅದರಿಂದ ಹೊಳೆದ ಪದ್ಧತಿಯ ಬಗ್ಗೆ 2004ರಲ್ಲಿ ಲೇಖನ ಪ್ರಕಟಿಸಿದರು. ಅದರಲ್ಲಿ ಮೂರು ಪಾತ್ರ: ನಕ್ಷೆ ನೋಡಿ ಹೇಳುವವನು ಇಂಜಿನಿಯರ್, ತುಂಡು ಹುಡುಕಿ ಕೊಡುವವನು ಸಪ್ಲೈಯರ್, ಜೋಡಿಸುವವನು ಬಿಲ್ಡರ್. ಒಬ್ಬರನ್ನೊಬ್ಬರು ಕೇಳದೆ ಕೆಲಸ ಮುಂದೆ ಹೋಗುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಪಾತ್ರಗಳು ಅದಲುಬದಲು. "ಸ್ನೇಹ ಮಾಡಿಕೋ" ಅಂತ ಯಾರೂ ಹೇಳುವುದಿಲ್ಲ. ಕೆಲಸವೇ ಮಾತಾಡಿಸುತ್ತದೆ.

ಇದು ನಮಗೆ ಗೊತ್ತಿದ್ದದ್ದೇ

ಒಂದು ದಿನ ಗಾಜಿನ ಈಚೆ ಕೂತು ನೋಡುತ್ತಿದ್ದಾಗ ಹಾಸನದ ನಮ್ಮ ಬೀದಿ ನೆನಪಾಯಿತು. ಲಗೋರಿ ಆಡುವಾಗ ಚಿಕ್ಕವರನ್ನು ಯಾರೂ ಬಿಡುತ್ತಿರಲಿಲ್ಲ. ದೊಡ್ಡಕ್ಕಂದಿರು, "ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅನ್ನುತ್ತಿದ್ದರು. ತಪ್ಪು ಮಾಡಿದರೂ ಔಟ್ ಇಲ್ಲ. ಹೀಗೆ ಒಳಗಿದ್ದುಕೊಂಡೇ ನಾವು ಸರದಿ ಕಾಯುವುದನ್ನು, ಸೋಲುವುದನ್ನು, ಜಗಳವಾಡಿ ರಾಜಿಯಾಗುವುದನ್ನು ಕಲಿತೆವು. ಜಗಲಿ ಮೇಲೆ ಕೂತ ಅಜ್ಜಿ ಮಿತಿ ಮೀರಿದಾಗ ಮಾತ್ರ ದನಿ ಎತ್ತುತ್ತಿದ್ದರು. ಇಲ್ಲಿ ಬೀದಿ ಖಾಲಿ. ಪ್ಲೇ ಡೇಟಿಗೂ ಕ್ಯಾಲೆಂಡರ್ ನೋಡಬೇಕು. ತಪ್ಪು ಮಾಡಿದರೂ ಔಟ್ ಆಗದ ಆ ಜಾಗವನ್ನೇ ಈ ಗುಂಪುಗಳು ಬೇಕೆಂದೇ ಕಟ್ಟಿಕೊಡುತ್ತವೆ.

ಎಲ್ಲಾ ಗುಂಪೂ ಒಳ್ಳೆಯದಲ್ಲ. ನಾವು ಮೊದಲು ಸೇರಿಸಿದ್ದ ಕಡೆ ಆರರಿಂದ ಹನ್ನೆರಡು ವರ್ಷದವರು ಒಟ್ಟಿಗಿದ್ದರು. ನಾಲ್ಕು ವಾರಕ್ಕೆ ಬಿಟ್ಟೆವು. ಸೇರಿಸುವ ಮುಂಚೆ ಕೇಳಿ: ಮಕ್ಕಳ ವಯಸ್ಸು, ಭಾಷಾ ಮಟ್ಟ ಹತ್ತಿರ ಇದೆಯೆ? ಕಲಿತದ್ದನ್ನು ಹೊರಗೆ ಅಭ್ಯಾಸ ಮಾಡಿಸುತ್ತಾರೆಯೆ? ಪೋಷಕರಿಗೆ ತಿಳಿಸುತ್ತಾರೆಯೆ? ಇನ್ನೊಂದು ಮುಖ್ಯ ಮಾತು. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಬಲವಂತ ಮಾಡುವ ಕಡೆ ಬೇಡ. ಮಗುವನ್ನು ಬೇರೆ ಯಾರೋ ಆಗಿ ನಟಿಸುವಂತೆ ಮಾಡುವುದು ಎಷ್ಟು ದಣಿಸುತ್ತದೆಂದು ಆಟಿಸಂ ಇರುವ ದೊಡ್ಡವರೇ ಹೇಳಿದ್ದಾರೆ. ನಮ್ಮವನ ಬಾರ್ಟ್ ಪ್ರೀತಿ ಹಾಗೇ ಇದೆ. ಅದನ್ನು ಯಾವಾಗ ಹೇಳಬೇಕು ಅನ್ನುವುದಷ್ಟೇ ಕಲಿತಿದ್ದಾನೆ.

ನನ್ನ ತಪ್ಪೂ ಒಂದಿತ್ತು. ಗುಂಪು ಮುಗಿಸಿ ಕಾರು ಹತ್ತಿದ ಕೂಡಲೇ, "ಎಷ್ಟು ಜನ ಫ್ರೆಂಡ್ಸ್ ಆದರು?" ಅಂತ ಸ್ಟೇಟಸ್ ಮೀಟಿಂಗ್ ಶುರುಮಾಡುತ್ತಿದ್ದೆ. ನನ್ನಾಕೆ ತಡೆದಳು: "ಅವನನ್ನ ಲೆಕ್ಕಕ್ಕೆ ಹಿಡೀಬೇಡ್ರಿ." ಅಂದಿನಿಂದ ತಿಂಡಿ ಕೊಟ್ಟು ಸುಮ್ಮನಾಗುತ್ತೇನೆ. ಹೇಳುವುದಿದ್ದರೆ ಅವನೇ ಹೇಳುತ್ತಾನೆ.

ಎಲ್ಲಿ ಕೇಳಬೇಕು?

ಮೊದಲು ಶಾಲೆ. ಪಬ್ಲಿಕ್ ಶಾಲೆಯಾದರೆ ಪರೀಕ್ಷೆಗೆ ಬರವಣಿಗೆಯಲ್ಲೇ ಕೋರಿಕೆ ಕೊಡಿ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 15 ದಿನದೊಳಗೆ ಅಸೆಸ್‌ಮೆಂಟ್ ಪ್ಲಾನ್ ಕೊಡಬೇಕು. ನೀವು ಸಹಿ ಮಾಡಿದ 60 ದಿನದೊಳಗೆ ಐಇಪಿ ಸಭೆ ಆಗಬೇಕು. ಶಾಲೆಯ ದೊಡ್ಡ ರಜೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಎರಡನೆಯದು ರೀಜನಲ್ ಸೆಂಟರ್. ಸಾಂಟಾ ಕ್ಲಾರಾ ಕೌಂಟಿಯವರಿಗೆ ಸ್ಯಾನ್ ಆಂಡ್ರಿಯಾಸ್, ಫ್ರೀಮಾಂಟ್ ಕಡೆಯವರಿಗೆ ಈಸ್ಟ್ ಬೇ. 1969ರ ಲ್ಯಾಂಟರ್ಮನ್ ಕಾನೂನಿನಡಿ ನಡೆಯುವ ಈ ಕೇಂದ್ರಗಳಲ್ಲಿ ಅರ್ಹತೆಗೆ ಸಿಟಿಜನ್‌ಶಿಪ್ ಅಥವಾ ಗ್ರೀನ್ ಕಾರ್ಡ್ ಬೇಕಿಲ್ಲ. ಎಚ್-1ಬಿ ಮೇಲಿರುವವರು ಇದನ್ನು ಗಮನಿಸಿ. 2009ರಲ್ಲಿ ನಿಲ್ಲಿಸಿದ್ದ ಸೋಷಿಯಲ್ ರಿಕ್ರಿಯೇಷನ್ ಸೇವೆಗಳಿಗೆ 2021ರಲ್ಲಿ ಮತ್ತೆ ಅವಕಾಶವಾಯಿತು. ಮೂರನೆಯದು, ಸ್ಯಾನ್ ಹೋಸೆಯಲ್ಲಿ ಪೋಷಕರೇ 1976ರಲ್ಲಿ ಕಟ್ಟಿದ 'ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್'. ಎಲ್ಲಿಂದ ಶುರುಮಾಡಬೇಕು ಎಂದು ತೋಚದವರಿಗೆ ಒಳ್ಳೆಯ ಬಾಗಿಲು.

ನಾವು ಮಾಡಬಹುದಾದದ್ದು

ಇದು ಆಟಿಸಂ ಇರುವ ಮಕ್ಕಳಿಗೆ ಮಾತ್ರವಲ್ಲ. ನಾಚಿಕೆಯ ಮಗು, ಹೊಸದಾಗಿ ಊರಿಂದ ಬಂದ ಮಗು, ಎಲ್ಲರಿಗೂ ಚಿಕ್ಕ ಗುಂಪು ಸುಲಭ. ಭಾನುವಾರ ಮೂರು ಮಕ್ಕಳನ್ನು ಕರೆದು ಕೋಸಂಬರಿ ಮಾಡಿಸಿ: ಒಬ್ಬರು ಓದಿ ಹೇಳಲಿ, ಒಬ್ಬರು ಸಾಮಾನು ಕೊಡಲಿ, ಒಬ್ಬರು ಕಲಸಲಿ. ಆಮೇಲೆ ಪಾತ್ರ ಬದಲಾಗಲಿ. ಒಂದೂವರೆ ಗಂಟೆಗೆ ಮುಗಿಸಿ, ಬೇಸರ ಬರುವ ಮುಂಚೆ. ನೀವು ಜಗಲಿಯ ಅಜ್ಜಿಯಂತೆ ಇರಿ, ಸಾಕು.

ಈ ಸಲದ ದೀಪಾವಳಿ ಕಾರ್ಯಕ್ರಮದಲ್ಲಿ ಮತ್ತದೇ ಜೂಟಾಟ. ಮಗ ಬೇಲಿ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಮೆಲ್ಲಗೆ ಹತ್ತಿರ ಹೋಗಿ ಏನೋ ಕೇಳಿದ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅವನ ಕೈಹಿಡಿದು ಒಳಗೆ ಎಳೆದುಕೊಂಡಳು. ಹತ್ತೇ ನಿಮಿಷ ಆಡಿದ, ಬೆವರಿ ಬಂದು ನೀರು ಕುಡಿದ, "ನಾನು ಔಟಾದೆ" ಎಂದ. ಆ ಮುಖದಲ್ಲಿ ಬೇಸರವಿರಲಿಲ್ಲ.

ಆ ಹುಡುಗಿ ಯಾರ ಮಗಳೋ ತಿಳಿಯಲಿಲ್ಲ. ನಿಮ್ಮವಳೇ ಆಗಿದ್ದರೆ, ನಮ್ಮ ನಮಸ್ಕಾರ ತಿಳಿಸಿಬಿಡಿ.