ದೊಡ್ಡವರಿಗೆ ಪ್ರವೇಶವಿಲ್ಲ

ಡಿಸ್ನಿ ಕಂಪನಿಯ 'ಡ್ರೀಮ್' ಹಡಗಿಗೆ ಎರಡು ಕೆಂಪು ಹೊಗೆಕೊಳವೆಗಳಿವೆ. ಹಿಂದಿನದು ನಿಜದ್ದು, ಎಂಜಿನ್ನಿನ ಹೊಗೆ ಅದರಿಂದ ಹೊರಬರುತ್ತದೆ. ಮುಂದಿನದರಿಂದ ಏನೂ ಬರುವುದಿಲ್ಲ. 1930ರ ದಶಕದ ಅಟ್ಲಾಂಟಿಕ್ ಹಡಗುಗಳ ಠೀವಿ ಬರಲಿ ಎಂದು ನಿಲ್ಲಿಸಿದ ತೋರಿಕೆಯ ಕೊಳವೆ ಅದು. ಅದರ ಪೊಳ್ಳನ್ನು ಹಾಗೇ ಬಿಡದೆ, ಹದಿಮೂರನೇ ಡೆಕ್ಕಿನಲ್ಲಿ ಒಂದು ಕೋಣೆ ಕಟ್ಟಿ 'ಎಡ್ಜ್' ಎಂದು ಹೆಸರಿಟ್ಟಿದ್ದಾರೆ. ಕುಣಿಯಲು ಬೆಳಕು ಚಿಮ್ಮುವ ನೆಲ, ವಿಡಿಯೋ ಗೇಮ್ ಆಡಲು ಗೋಡೆಯಗಲದ ಪರದೆ. 11ರಿಂದ 14 ವರ್ಷದವರು ಮಾತ್ರ ಒಳಗೆ ಹೋಗಬಹುದು. ಪ್ರವಾಸದ ಪೂರ್ತಿ ಹಣ ಕಟ್ಟಿದ ಅಪ್ಪ ಅಮ್ಮ ಹೊಸ್ತಿಲ ಆಚೆ. ಎಲ್ಲರಿಗೂ ಬಾಗಿಲು ತೆರೆದಿಡುವ ಹೊತ್ತಿನಲ್ಲಿ ಇಣುಕಿ ನೋಡಬಹುದು, ಅಷ್ಟೇ.

ಕುಟುಂಬ ಸಮೇತ ಹೋಗುವ ಕ್ರೂಸ್ ಪ್ರವಾಸದ ವಿಚಿತ್ರವೇ ಇದು. ಜಾಹೀರಾತಿನ ತುಂಬ ಎಲ್ಲರೂ ಜೊತೆಗೆ ನಗುತ್ತಿರುವ ಸಂಸಾರ. ಹಡಗು ಹತ್ತಿದ ಮೇಲೆ ಅದೇ ಸಂಸಾರವನ್ನು ವಯಸ್ಸಿನ ಪ್ರಕಾರ ಬೇರೆಬೇರೆ ಡೆಕ್ಕಿಗೆ ಹಂಚುವ ವ್ಯವಸ್ಥೆ ಸಿದ್ಧವಾಗಿರುತ್ತದೆ. ಹಾಗೆ ಹಂಚುವುದರಿಂದಲೇ ಅವರು ರಾತ್ರಿ ಊಟಕ್ಕೆ ಜಗಳವಿಲ್ಲದೆ ಒಂದೇ ಮೇಜಿಗೆ ಬಂದು ಕೂರುತ್ತಾರೆ ಎಂಬುದು ಕಂಪನಿಗಳ ಲೆಕ್ಕ. ಆ ಲೆಕ್ಕ ಬಹುಮಟ್ಟಿಗೆ ಸರಿಯೆಂದೇ ನನಗೂ ಅನಿಸುತ್ತದೆ.

ಈ ಹಂಚಿಕೆಯಲ್ಲಿ ತಮಾಷೆಯಿದೆ. ಅಮೆರಿಕದ ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ 2ರಿಂದ 5 ವರ್ಷದವರು ಪೆಂಗ್ವಿನ್‌ಗಳು, 6ರಿಂದ 8ರವರು ಸ್ಟಿಂಗ್‌ರೇ ಮೀನುಗಳು, 9ರಿಂದ 11ರವರು ಶಾರ್ಕ್‌ಗಳು. ನಾರ್ವೇಜಿಯನ್ ಕಂಪನಿಯಲ್ಲಿ ಗಪ್ಪಿ ಮೀನಿನಿಂದ ಶುರುವಾಗಿ ಆಮೆ, ಸೀಲ್, ಡಾಲ್ಫಿನ್ ಆಗುತ್ತ ಮಗು ಬೆಳೆಯುತ್ತದೆ. ಹನ್ನೆರಡು ಹದಿಮೂರು ತುಂಬುತ್ತಲೇ ಪ್ರಾಣಿಗಳೆಲ್ಲ ಮಾಯ. ಆ ವಯಸ್ಸಿನಲ್ಲಿ ಯಾರಿಗೆ ತಾನೇ ಡಾಲ್ಫಿನ್ ಅನ್ನಿಸಿಕೊಳ್ಳಬೇಕು? ಕಾರ್ನಿವಲ್‌ನಲ್ಲಿ 12ರಿಂದ 14ಕ್ಕೆ 'ಸರ್ಕಲ್ ಸಿ', 15ರಿಂದ 17ಕ್ಕೆ 'ಕ್ಲಬ್ ಓಟೂ'. ನಾರ್ವೇಜಿಯನ್‌ನದು 'ಆಂಟುರಾಜ್'. ರಾಯಲ್ ಕೆರಿಬಿಯನ್‌ನ ಹಲವು ಹಡಗುಗಳಲ್ಲಿ ಕುಣಿಯಲು 'ಫ್ಯೂಯಲ್', ಸುಮ್ಮನೆ ಬಿದ್ದುಕೊಳ್ಳಲು 'ಲಿವಿಂಗ್ ರೂಮ್'. ಯುರೋಪಿನ ಎಂಎಸ್‌ಸಿ ಮಾತ್ರ ಬೇಬಿ, ಮಿನಿ, ಜೂನಿಯರ್, ಯಂಗ್, ಟೀನ್ ಎಂದು ಸರ್ಕಾರಿ ಕಡತದ ಹಾಗೆ ಹೆಸರಿಟ್ಟಿದೆ. ಆಟಿಕೆಗಳಿಗೆ ಲೆಗೊ ಜೊತೆ, ಹಸುಗೂಸುಗಳ ಸಾಮಾನಿಗೆ ಚಿಕ್ಕೋ ಜೊತೆ ಅದರ ಒಪ್ಪಂದವಿದೆ.

ವಯಸ್ಸಿನ ಗೆರೆಯನ್ನು ಸಾಮಾನ್ಯವಾಗಿ ಸಡಿಲಿಸುವುದಿಲ್ಲ. ರಾಯಲ್ ಕೆರಿಬಿಯನ್‌ನಲ್ಲಿ ಹಡಗು ಹೊರಡುವ ದಿನ ಮಗುವಿನ ವಯಸ್ಸು ಎಷ್ಟೋ ಅದೇ ಅಂತಿಮ. ಗೆರೆಯ ಈಚೆ ಉಳಿದ ತಮ್ಮ, ಆಚೆ ಬಿದ್ದ ಅಕ್ಕ ಒಂದೇ ಕೋಣೆಯಲ್ಲಿ ಮಲಗಿದರೂ ಹಗಲಿಡೀ ಬೇರೆಬೇರೆ. ಕೌಂಟರಿನ ಮುಂದೆ ನಿಂತು ಗೋಗರೆಯುವ ತಾಯಂದಿರಿಗೆ ಸಿಬ್ಬಂದಿ ನಗುನಗುತ್ತಲೇ ಇಲ್ಲವೆನ್ನುತ್ತಾರೆ. ಡಿಸ್ನಿಯವರು ಸ್ವಲ್ಪ ಜಾಣರು. 'ಎಡ್ಜ್' 14ಕ್ಕೆ ಮುಗಿದರೆ ದೊಡ್ಡ ಹುಡುಗರ 'ವೈಬ್' 14ಕ್ಕೇ ಶುರು. ಹದಿನಾಲ್ಕರ ಹುಡುಗಿ ತಾನು ದೊಡ್ಡವಳೋ ಚಿಕ್ಕವಳೋ ಎಂದು ತಾನೇ ತೀರ್ಮಾನಿಸಬಹುದು.

ಹಡಗಿನಲ್ಲಿ ಮಕ್ಕಳಿಗೆ ಬೇರೆ ಕೋಣೆ ಕೊಡುವುದು ಇವತ್ತಿನ ಕಲ್ಪನೆಯಲ್ಲ. 1935ರಲ್ಲಿ ಮೊದಲ ಪಯಣ ಹೊರಟ ಫ್ರಾನ್ಸಿನ 'ನಾರ್ಮಂಡಿ' ಹಡಗಿನಲ್ಲಿ ಮಕ್ಕಳಿಗೇ ಊಟದ ಕೋಣೆಯಿತ್ತು. ಅದರ ಗೋಡೆಗಳಿಗೆ ಬಾಬಾರ್ ಎಂಬ ಆನೆಯ ಚಿತ್ರಗಳನ್ನು ಮಾಡಿಕೊಟ್ಟವರು ಆ ಆನೆಯನ್ನು ಸೃಷ್ಟಿಸಿದ ಜಾನ್ ದ ಬ್ರೂನೋಫ್. ಮರುವರ್ಷ ಬಂದ ಬ್ರಿಟನ್ನಿನ 'ಕ್ವೀನ್ ಮೇರಿ'ಯಲ್ಲೂ ಆಟದ ಕೋಣೆಗಳಿದ್ದವು. ಆದರೆ ಆಗಿನ ಕಾಳಜಿ ಬೇರೆ. ಸಿರಿವಂತರ ಊಟದ ಸಾಲೆಯಲ್ಲಿ ಮಕ್ಕಳ ಗಲಾಟೆ ಕೇಳಬಾರದು, ದಾದಿಯೊಬ್ಬಳು ಅವರನ್ನು ಸುಮ್ಮನಿರಿಸಬೇಕು. ಹದಿನೈದರ ಹುಡುಗ ಈ ಲೆಕ್ಕದೊಳಗೇ ಇರಲಿಲ್ಲ. ಅವನು ಅರ್ಧ ಮಗು, ಅರ್ಧ ಪ್ರಯಾಣಿಕ.

ಆ ಹುಡುಗನನ್ನು ಗಮನಿಸಿದ ಹಡಗುಗಳಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಪಿ ಅಂಡ್ ಓ ಕಂಪನಿಯ 'ಕ್ಯಾನ್‌ಬೆರಾ'. ಬೆಲ್‌ಫಾಸ್ಟಿನಲ್ಲಿ ಕಟ್ಟಿದ ಈ ಬಿಳಿ ಹಡಗು 1961ರ ಜೂನ್‌ನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಆಸ್ಟ್ರೇಲಿಯಾದ ಕಡೆ ಮೊದಲ ಪಯಣ ಹೊರಟಿತು. ಆಗ ಬ್ರಿಟನ್ನಿನ ಸಾವಿರಾರು ಸಂಸಾರಗಳು ಊರು ಬಿಟ್ಟು ಆಸ್ಟ್ರೇಲಿಯಾಕ್ಕೆ ಗುಳೆ ಹೋಗುತ್ತಿದ್ದವು. ಸರ್ಕಾರದ ಯೋಜನೆಯಲ್ಲಿ ದೊಡ್ಡವರಿಗೆ ಹತ್ತು ಪೌಂಡ್ ಟಿಕೆಟ್, ಮಕ್ಕಳಿಗೆ ಅದೂ ಇಲ್ಲ. ವಾರಗಟ್ಟಲೆ ಕಡಲು. ಗೆಳೆಯರನ್ನೂ ಶಾಲೆಯನ್ನೂ ಬಿಟ್ಟು, ಕಾಣದ ದೇಶಕ್ಕೆ ಕೇಳದೆಯೇ ಒಯ್ಯಲ್ಪಡುತ್ತಿದ್ದ ಹದಿಹರೆಯದವರು ಹಡಗಿನ ತುಂಬ. ಅವರಿಗಾಗಿ ಒಳಾಂಗಣದ ಹೊಣೆ ಹೊತ್ತಿದ್ದ ವಾಸ್ತುಶಿಲ್ಪಿ ಹ್ಯೂ ಕ್ಯಾಸನ್ 'ಪಾಪ್ ಇನ್' ಎಂಬ ಕೋಣೆ ಮಾಡಿಸಿದರು. ಕ್ಯಾಸನ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಮೇಷ್ಟರು. ಗೋಡೆಗೆ ಚಿತ್ರ ಬಿಡಿಸಲು ಅದೇ ಕಾಲೇಜಿನ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಯೊಬ್ಬನನ್ನು ಕರೆದರು. ಅವನು ಕಾದ ಸಲಾಕೆಯಿಂದ ಮರದ ಹಲಗೆಗಳನ್ನು ಸುಟ್ಟು, ಬೀದಿಯ ಗೋಡೆಬರಹದ ಧಾಟಿಯಲ್ಲಿ ಗೀಚಿದ. ಆ ವಿದ್ಯಾರ್ಥಿಯೇ ಡೇವಿಡ್ ಹಾಕ್ನಿ. ಮುಂದೆ ಬ್ರಿಟನ್ನಿನ ಅತ್ಯಂತ ಬೆಲೆಬಾಳುವ ಚಿತ್ರಕಾರರಲ್ಲಿ ಒಬ್ಬರಾದರು. ಆ ಗೋಡೆಗಳು ಉಳಿದಿಲ್ಲ. ಹಡಗೂ 1997ರಲ್ಲಿ ನಿವೃತ್ತಿಯಾಗಿ ಪಾಕಿಸ್ತಾನದ ಗಡಾನಿ ತೀರದಲ್ಲಿ ಗುಜರಿಗೆ ಹೋಯಿತು. ಆದರೂ ಹದಿಹರೆಯದವರ ಕೋಣೆ ಹೇಗಿರಬೇಕೆಂದು ಅಂದು ತಿಳಿದಂತೆ ಆಮೇಲಿನ ಎಷ್ಟೋ ಕಂಪನಿಗಳಿಗೆ ತಿಳಿಯಲಿಲ್ಲ. ಅಲ್ಲಿ ದೊಡ್ಡವರ ಅಚ್ಚುಕಟ್ಟು ಇರಲಿಲ್ಲ, ಗೋಡೆಯೇ ಗೀಚಿದ್ದಾಗಿತ್ತು.

ಜೆಟ್ ವಿಮಾನ ಬಂದು ಊರಿಂದೂರಿಗೆ ಒಯ್ಯುವ ಹಡಗುಗಳ ಕೆಲಸ ಮುಗಿಯಿತು. ಸುಮ್ಮನೆ ಸುತ್ತಾಡುವ ಹಡಗುಗಳು ಉಳಿದವು, ಅವು ಬಹುಕಾಲ ವಯಸ್ಸಾದವರ, ಮಧುಚಂದ್ರದ ಜೋಡಿಗಳ ಜಾಗವೆಂದೇ ಹೆಸರಾಗಿದ್ದವು. 1980ರ ದಶಕದಲ್ಲಿ ಫ್ಲಾರಿಡಾದ ಪ್ರೀಮಿಯರ್ ಕಂಪನಿ 'ಬಿಗ್ ರೆಡ್ ಬೋಟ್' ಎಂದು ಕರೆದ ಕೆಂಪು ಹಡಗುಗಳಲ್ಲಿ ಡಿಸ್ನಿಯ ಮಿಕ್ಕಿಯನ್ನೂ ಅವನ ಬಳಗವನ್ನೂ ಕರೆತಂದು ಮಕ್ಕಳಿರುವ ಸಂಸಾರಗಳನ್ನು ಸೆಳೆಯಿತು. 1993ರಲ್ಲಿ ಆ ನಂಟು ಮುಗಿಯಿತು. ಐದು ವರ್ಷದಲ್ಲಿ, 1998ರ ಜುಲೈನಲ್ಲಿ, ಡಿಸ್ನಿ ತನ್ನದೇ 'ಮ್ಯಾಜಿಕ್' ಹಡಗನ್ನು ಹೊರಡಿಸಿತು. ಆ ಹಡಗಿನ ಹುಸಿ ಕೊಳವೆಯಲ್ಲಿ ಮೊದಲಿಗೆ ಇದ್ದದ್ದು ದೊಡ್ಡವರ ಸ್ಪೋರ್ಟ್ಸ್ ಬಾರ್. ಆಮೇಲೆ ಅದನ್ನು ಎಬ್ಬಿಸಿ ಜಾಗವನ್ನು ಹದಿಹರೆಯದವರಿಗೆ ಬಿಟ್ಟುಕೊಟ್ಟರು. ಹಡಗಿನಲ್ಲಿ ಬಾರ್ ಎಂದರೆ ದಿನವೂ ಕಾಸು ಹುಟ್ಟುವ ಜಾಗ. ಟೀನ್ ಕ್ಲಬ್ಬಿನಲ್ಲಿ ಪ್ರವೇಶಕ್ಕೆ ಒಂದು ಡಾಲರೂ ಇಲ್ಲ, ಎಲ್ಲ ಟಿಕೆಟ್ಟಿನಲ್ಲೇ ಸೇರಿದೆ. ವ್ಯಾಪಾರಸ್ಥರು ಇಂಥ ತ್ಯಾಗ ಸುಮ್ಮನೆ ಮಾಡುವುದಿಲ್ಲ. ಮುಂದಿನ ರಜೆಗೆ ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆ ಬಂದಾಗ ಹೆಚ್ಚು ಗಟ್ಟಿಯಾಗಿ ಮಾತಾಡುವವರು ಯಾರು ಎಂದು ಅವರಿಗೆ ಗೊತ್ತು. ಮಕ್ಕಳು ಕೊಳವೆಯೊಳಗೆ ಕುಣಿಯುವಾಗ ಅಪ್ಪ ಅಮ್ಮ ಸ್ಪಾದಲ್ಲೋ ಇನ್ನೆಲ್ಲೋ ಇರುತ್ತಾರೆಂಬುದೂ ಗೊತ್ತು.

ಚಿಕ್ಕವರ ಕ್ಲಬ್ ಕಾವಲಿನ ಜಾಗ. ಅಪ್ಪನೋ ಅಮ್ಮನೋ ಸಹಿ ಹಾಕಿ ಬಿಡಬೇಕು, ಗುಟ್ಟಿನ ಪದವನ್ನೋ ಪಿನ್ ಸಂಖ್ಯೆಯನ್ನೋ ಹೇಳಿ ಕರೆದೊಯ್ಯಬೇಕು. ಡಿಸ್ನಿಯಲ್ಲಿ ಒಳಹೋಗುವ ಮುನ್ನ ಯಂತ್ರವೊಂದರ ಎರಡು ತೂತುಗಳಿಗೆ ಕೈ ತೂರಿಸಬೇಕು, ಅದು ನೊರೆಯೆಬ್ಬಿಸಿ ತೊಳೆದು ಕಳಿಸುತ್ತದೆ. ಮಕ್ಕಳಿಗೆ ಇದೇ ಮೊದಲ ಆಟ, ಹಡಗಿನವರಿಗೆ ಹೊಟ್ಟೆನೋವು ಹರಡುವ ನೊರೊವೈರಸ್‌ನ ಭಯ. ಪುಟ್ಟವರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಅಪಾಯದ ಸೈರನ್ ಮೊಳಗಿದರೆ ಈ ಮಗು ಯಾವ ಜಾಗಕ್ಕೆ ಸೇರಬೇಕೆಂಬ ಗುರುತು ಅದರ ಮೇಲಿರುತ್ತದೆ. ಮಕ್ಕಳನ್ನು ಅಲ್ಲಿಗೆ ಮುಟ್ಟಿಸುವ ಹೊಣೆ ಕ್ಲಬ್ಬಿನ ಸಿಬ್ಬಂದಿಯದು. ಅಪ್ಪ ಅಮ್ಮ ಜನರ ನೂಕುನುಗ್ಗಲಿಗೆ ಎದುರಾಗಿ ಮಕ್ಕಳನ್ನು ಹುಡುಕುತ್ತ ಓಡಬಾರದು ಎಂಬುದು ಇದರ ಹಿಂದಿನ ತರ್ಕ.

ಹನ್ನೆರಡು ದಾಟಿದವರಿಗೆ ಈ ಸಹಿ, ಪಿನ್ ಏನೂ ಇಲ್ಲ. ಬರಬಹುದು, ಬೇಸರವಾದರೆ ಎದ್ದು ಹೋಗಬಹುದು. ಬೆಂಗಳೂರಿನಲ್ಲಿ ಪಕ್ಕದ ರಸ್ತೆಯ ಅಂಗಡಿಗೂ ಒಬ್ಬಳನ್ನೇ ಕಳಿಸಲು ಹಿಂದೆಮುಂದೆ ನೋಡುವ ತಾಯಿ ಇಲ್ಲಿ ಮಗಳನ್ನು ರಾತ್ರಿ ಹನ್ನೊಂದರವರೆಗೆ ಬಿಟ್ಟಿರುತ್ತಾಳೆ. ಧೈರ್ಯ ಸುತ್ತಲಿನ ನೀರಿನದು. ಎಲ್ಲಿ ಹೋದರೂ ಅದೇ ಹಡಗು, ಎಲ್ಲೆಡೆ ಕ್ಯಾಮೆರಾ, ಒಳಗಿರುವವರ ಹೆಸರು ಫೋಟೋ ಎಲ್ಲ ದಾಖಲೆಯಲ್ಲಿ. ಹಾಗೆಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಹಡಗುಗಳಲ್ಲಿ ನಡೆದ ಅಪರಾಧಗಳ ಸುದ್ದಿಯಿಂದಲೇ ಅಮೆರಿಕ 2010ರಲ್ಲಿ ಕ್ರೂಸ್ ಹಡಗುಗಳ ಸುರಕ್ಷತೆಗೆ ಬೇರೆ ಕಾನೂನು ತಂದಿತು. ಡೆಕ್ಕಿನ ಕಟಕಟೆ ಕನಿಷ್ಠ 42 ಇಂಚು ಎತ್ತರವಿರಬೇಕು, ಕೋಣೆಯ ಬಾಗಿಲಿಗೆ ಇಣುಕುಗಿಂಡಿ ಇರಬೇಕು, ಗಂಭೀರ ಅಪರಾಧಗಳನ್ನು ಎಫ್‌ಬಿಐಗೆ ತಿಳಿಸಬೇಕು ಎಂಬ ನಿಯಮಗಳು ಆಗ ಬಂದವು. ಕಾರ್ನಿವಲ್‌ನಂಥ ಕಂಪನಿಗಳು ರಾತ್ರಿ ಒಂದರ ಮೇಲೆ ಹದಿನೇಳು ಮತ್ತು ಅದಕ್ಕಿಂತ ಚಿಕ್ಕ ವಯಸ್ಸಿನವರು ದೊಡ್ಡವರಿಲ್ಲದೆ ಹೊರಗೆ ಅಡ್ಡಾಡಬಾರದೆಂದು ಕಟ್ಟಳೆ ಮಾಡಿವೆ. ಮಕ್ಕಳಿಗೆ ಸ್ವಾತಂತ್ರ್ಯ ಕೊಡುವ ಮುನ್ನ ಎಲ್ಲಿ, ಯಾವಾಗ, ಯಾರ ಕೋಣೆಗೆ ಹೋಗಬಾರದು ಎಂದು ಮನೆಯಲ್ಲೇ ಮಾತಾಡಿಕೊಂಡು ಬರುವುದು ಒಳ್ಳೆಯದು. ಆ ಮಾತನ್ನು ಹಡಗಿನವರು ಆಡುವುದಿಲ್ಲ.

ಒಳಗೆ ನಡೆಯುವುದೇನು? ಪಟ್ಟಿಯಲ್ಲಿ ಕರೋಕೆ, ಡಾಡ್ಜ್‌ಬಾಲ್, ನಿಧಿ ಹುಡುಕಾಟ, ಗೇಮಿಂಗ್ ಪಂದ್ಯ, ಕಿವಿಗೆ ಹೆಡ್‌ಫೋನ್ ಹಾಕಿ ಕುಣಿಯುವ ಡಿಸ್ಕೋ ಇರುತ್ತವೆ. ಅವೆಲ್ಲ ನೆಪ. ನಿಜವಾದ ಕಾರ್ಯಕ್ರಮ ಮೊದಲ ರಾತ್ರಿಯದು. ಅಪರಿಚಿತರನ್ನೆಲ್ಲ ವೃತ್ತದಲ್ಲಿ ಕೂರಿಸಿ ಪೆದ್ದುಪೆದ್ದಾದ ಆಟ ಆಡಿಸಿ ಮುಜುಗರ ಬಿಡಿಸುತ್ತಾರೆ. ಗುಂಪುಗಳು ಅವತ್ತೇ ಕಟ್ಟಿಕೊಳ್ಳುತ್ತವೆ. ಏಳು ದಿನದ ಪ್ರವಾಸದಲ್ಲಿ ಮೂರನೇ ದಿನ ಹೊಸದಾಗಿ ಹೋಗಿ ನಿಂತವರಿಗೆ ಅದು ಮದುವೆಮನೆಗೆ ಊಟ ಮುಗಿದ ಮೇಲೆ ಹೋದ ಹಾಗೆ. ಹೋಗಲೊಲ್ಲೆ ಎಂದು ಮುಖ ಗಂಟಿಕ್ಕಿದ ಮಗನನ್ನು ಆ ಒಂದು ರಾತ್ರಿ ಮಾತ್ರ ಪುಸಲಾಯಿಸಿ ಕಳಿಸುವುದು ವಾಸಿ.

ಗುಂಪು ಕಟ್ಟಿದ ಮೇಲೆ ಎಷ್ಟೋ ಹುಡುಗರು ಕ್ಲಬ್ಬಿನ ಕಡೆ ತಲೆ ಹಾಕುವುದೇ ಇಲ್ಲ. ಪಿಜ್ಜಾ ಕೌಂಟರು, ಈಜುಕೊಳ, ಮೆಟ್ಟಿಲುಗಳೇ ಅವರ ಅಡ್ಡೆ. ಇದನ್ನು ಕ್ಲಬ್ಬಿನ ಸೋಲೆಂದು ನಾನು ಎಣಿಸುವುದಿಲ್ಲ, ಅದರ ಕೆಲಸ ಅಲ್ಲಿಗೆ ಆಯಿತು. ನಡುಗಡಲಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ, ವೈಫೈ ದುಬಾರಿಯಾದ ಕಾಲಕ್ಕೆ ಇದಕ್ಕೆ ಇನ್ನೊಂದು ಸೊಗಸಿತ್ತು. ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿ, ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಬರಲೇಬೇಕಿತ್ತು. 2022ರಿಂದ ರಾಯಲ್ ಕೆರಿಬಿಯನ್ ಮೊದಲಾದವು ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ ಹಾಕಿಸಿಕೊಂಡಿವೆ. ಹಡಗಿನ ಇಂಟರ್ನೆಟ್ ಚುರುಕಾಯಿತೆಂದು ದೊಡ್ಡವರಿಗೆ ಖುಷಿ. ಪಕ್ಕದಲ್ಲಿ ಕೂತವರನ್ನು ಬಿಟ್ಟು ಮನೆಯ ಗೆಳೆಯರೊಂದಿಗೆ ರೀಲ್ಸ್ ಹಂಚಿಕೊಳ್ಳುವ ಸೌಕರ್ಯ ಹುಡುಗರಿಗೂ ಬಂದಿದೆ. ಸಂಸಾರಕ್ಕೆಲ್ಲ ವೈಫೈ ಕೊಳ್ಳುವ ಮುನ್ನ ಒಮ್ಮೆ ಯೋಚಿಸಬಹುದು.

ಈ ಏರ್ಪಾಟಿನಲ್ಲಿ ನಡುವೆ ಬಿದ್ದುಹೋದವರು ಹದಿನೆಂಟರಿಂದ ಇಪ್ಪತ್ತರವರು. ಟೀನ್ ಕ್ಲಬ್ಬಿಗೆ ದೊಡ್ಡವರಾದರು. ಅಮೆರಿಕದಿಂದ ಹೊರಡುವ ಹಡಗುಗಳಲ್ಲಿ ಮದ್ಯಕ್ಕೆ 21 ಆಗಬೇಕು, ಬಾರಿಗೆ ಚಿಕ್ಕವರಾದರು. ಡಿಸ್ನಿ '1820 ಸೊಸೈಟಿ' ಎಂದು ಹೆಸರಿಟ್ಟು ಅವರಿಗೂ ಕೂಟ ಏರ್ಪಡಿಸುತ್ತದೆ. ಬಹಾಮಾಸ್‌ನಲ್ಲಿರುವ ಅದರ ಖಾಸಗಿ ದ್ವೀಪ ಕಾಸ್ಟವೇ ಕೇಯಲ್ಲಿ ಮರಳನ್ನೂ ವಯಸ್ಸಿನಂತೆ ಹಂಚಿದ್ದಾರೆ. ಚಿಕ್ಕವರಿಗೊಂದು ಕಡೆ, ಹದಿಹರೆಯದವರಿಗೆ 'ಹೈಡ್ ಔಟ್' ಎಂಬ ಮರೆ, ಹದಿನೆಂಟು ದಾಟಿದವರಿಗಷ್ಟೇ ಮೀಸಲಾದ ಕಡಲತೀರ ಇನ್ನೊಂದು ಕಡೆ.

ನಮ್ಮವರು ಇದನ್ನು ಹೆಚ್ಚಾಗಿ ಕಾಣುವುದು ಎರಡು ದಾರಿಯಲ್ಲಿ. 2021ರಿಂದ ಕಾರ್ಡೀಲಿಯಾ ಕಂಪನಿಯ 'ಎಂಪ್ರೆಸ್' ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಸುತ್ತುತ್ತಿದೆ. 1990ರಲ್ಲಿ ರಾಯಲ್ ಕೆರಿಬಿಯನ್‌ಗಾಗಿ, ಮೂರು ನಾಲ್ಕು ದಿನದ ಪ್ರವಾಸಕ್ಕೆಂದು ಕಟ್ಟಿದ ಹಡಗು ಅದು. ಮಕ್ಕಳ ಕೋಣೆ, ಹತ್ತುವ ಗೋಡೆ ಇವೆ, ಹೊಸ ಹಡಗುಗಳ ವಿಸ್ತಾರವನ್ನು ಅದರಲ್ಲಿ ಹುಡುಕಬಾರದು. ಇನ್ನೊಂದು ಸಿಂಗಪುರದ ದಾರಿ. ಅಲ್ಲಿನ 'ಗೆಂಟಿಂಗ್ ಡ್ರೀಮ್' ಸಸ್ಯಾಹಾರಿ ಊಟ, ಜೈನ ಊಟ ಎಲ್ಲ ಇಟ್ಟು ಭಾರತೀಯರನ್ನು ಕಾಯುತ್ತದೆ. ನಮ್ಮ ಕಡೆಯವರು ಅಜ್ಜ ಅಜ್ಜಿ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನೆಲ್ಲ ಕಟ್ಟಿಕೊಂಡು ಹೋಗುವವರು. ಆರು ಜನ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅದೇ ಒಂದು ಕ್ಲಬ್ಬು, ಬೇರೆ ಏಕೆ ಬೇಕು ಎಂಬ ಮಾತಿನಲ್ಲಿ ನ್ಯಾಯವಿದೆ. ಒಬ್ಬನೇ ಮಗನೋ ಒಬ್ಬಳೇ ಮಗಳೋ ಇರುವ ಮೂರು ಜನರ ಸಂಸಾರಕ್ಕೆ ಮಾತ್ರ ಈ ಕೋಣೆ ದೊಡ್ಡ ಉಪಕಾರ.

ಟಿಕೆಟ್ ತೆಗೆಯುವ ಮುನ್ನ ಕ್ಯಾಲೆಂಡರ್ ನೋಡಬೇಕು. ಹಡಗು ಯಾವ ದೇಶದ ಬಂದರಿನದೋ ಆ ದೇಶದ ಶಾಲೆಗಳ ರಜೆಯಲ್ಲಿ ಟೀನ್ ಕ್ಲಬ್ ಕಿಕ್ಕಿರಿದಿರುತ್ತದೆ. ಕರ್ನಾಟಕದ ದಸರಾ ರಜೆ ಬರುವ ಅಕ್ಟೋಬರಿನಲ್ಲಿ ಅಮೆರಿಕದ ಮಕ್ಕಳು ತರಗತಿಯಲ್ಲಿ ಕೂತಿರುತ್ತಾರೆ. ಸಿಂಗಪುರದ ಶಾಲೆಗಳ ದೊಡ್ಡ ರಜೆ ಜೂನ್ ತಿಂಗಳಿಗೂ ವರ್ಷದ ಕೊನೆಗೂ ಬೀಳುತ್ತದೆ. ಅಕ್ಟೋಬರಿನಲ್ಲಿ ಟಿಕೆಟ್ ಅಗ್ಗವಾಗಬಹುದು, ಆದರೆ ಕ್ಲಬ್ಬಿನಲ್ಲಿ ಹತ್ತಾರು ಜನರ ಬದಲು ನಾಲ್ಕೈದು ಜನ ಸಿಕ್ಕಾರು. ಅಂಥ ಪ್ರವಾಸಗಳಲ್ಲಿ ಎರಡು ವಯೋಗುಂಪುಗಳನ್ನು ಸೇರಿಸಿ ಒಂದೇ ಮಾಡುವುದೂ ಉಂಟು. ಡಿಸೆಂಬರಿನ ಕೊನೆಯ ವಾರದಲ್ಲಿ ಬಹಳಷ್ಟು ದೇಶಗಳ ರಜೆಯೂ ಕೂಡಿಬರುತ್ತದೆ, ಟಿಕೆಟ್ ದರವೂ ಹಾಗೆಯೇ ಏರಿರುತ್ತದೆ.