ಮಳೆಗಾಲಕ್ಕೊಂದು ಒಣಸೀಮೆಯ ಊರು

ರೋಹಿಣಿ ಮಳೆ ಕಳೆದು ಮುಂಗಾರು ಹತ್ತಿರವಾಗುತ್ತಿದ್ದಂತೆ ಶಿವಮೊಗ್ಗ ಮತ್ತು ಭದ್ರಾವತಿಯ ನಮ್ಮ ಚಿಕಿತ್ಸಾಲಯಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. “ವೈದ್ಯರೇ, ಈ ಮಳೆಗಾಲ ಮುಗಿಯುವವರೆಗೆ ಬಯಲುಸೀಮೆಯ ಯಾವುದಾದರೂ ಊರಿನಲ್ಲಿ ಹೋಗಿ ಇದ್ದರೆ ಉಸಿರು ಸರಾಗವಾದೀತೇ?” ಕೇಳುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಕಾರ್ಖಾನೆಗಳಿಂದ ನಿವೃತ್ತರಾದವರು, ಅಡಿಕೆ ತೋಟದ ಮನೆಗಳ ಹಿರಿಯರು, ಪಾಠ ಹೇಳಿ ಹೇಳಿ ಸೀಮೆಸುಣ್ಣದ ಪುಡಿ ಕುಡಿದ ಮೇಷ್ಟರುಗಳು. ಅವರ ಹಿಂದೆ ನಿಂತಿರುವ ಸೊಸೆಯೋ ಮಗಳೋ ನಮ್ಮ ಉತ್ತರಕ್ಕಾಗಿ ಅವರಿಗಿಂತ ಹೆಚ್ಚು ಕಾತರದಿಂದ ಕಾಯುತ್ತಿರುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಬೆನ್ನು ನೀವುವವರು, ಬಿಸಿನೀರು ಕಾಯಿಸುವವರು ಅವರೇ ಅಲ್ಲವೇ?

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಹೋಗಬಹುದು; ಆದರೆ ಎಲ್ಲರೂ ಅಲ್ಲ, ಎಲ್ಲ ಊರಿಗೂ ಅಲ್ಲ, ಎಲ್ಲ ತಿಂಗಳಲ್ಲಿಯೂ ಅಲ್ಲ.

ರೋಗಿಯ ದೇಹವನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಅವನು ವಾಸಿಸುವ ನೆಲವನ್ನೂ ಪರೀಕ್ಷಿಸಬೇಕೆಂಬುದು ಆಯುರ್ವೇದದ ಮತ. ಚರಕಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯದಲ್ಲಿ ದೇಶವನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಂಗಡಿಸಲಾಗಿದೆ. ವಿಶಾಲ ಆಕಾಶ, ಮರಳು ಮತ್ತು ಕಲ್ಲುಹರಳಿನ ನೆಲ, ಬಿಸಿಲುಗುದುರೆ, ಬನ್ನಿ, ಕಗ್ಗಲಿ, ಬೋರೆಯಂತಹ ಮರಗಳು, ಗಟ್ಟಿಮೈಯ ಜನ ಇರುವುದು ಜಾಂಗಲ. ನದಿಗಳು ದಟ್ಟವಾಗಿ, ತೆಂಗು ಬಾಳೆಗಳು ಸಮೃದ್ಧವಾಗಿ, ತಂಗಾಳಿ ಬೀಸುತ್ತ, ಜನರ ಮೈ ಸುಕುಮಾರವಾಗಿರುವುದು ಆನೂಪ. ಎರಡರ ಲಕ್ಷಣಗಳೂ ಬೆರೆತಿರುವುದು ಸಾಧಾರಣ. ಜಾಂಗಲದಲ್ಲಿ ವಾತ ಪಿತ್ತಗಳು ಪ್ರಬಲ. ಆನೂಪದಲ್ಲಿ ಕಫ ವಾತಗಳು ಪ್ರಬಲ. ಇಲ್ಲೊಂದು ಮಾತು: ಜಾಂಗಲವೆಂದರೆ ದಟ್ಟ ಕಾಡೆಂದು ಇಂದಿನ ಓದುಗರು ಭಾವಿಸುವುದುಂಟು. ಇಂಗ್ಲಿಷಿನ ‘ಜಂಗಲ್’ ಈ ಪದದಿಂದಲೇ ಹುಟ್ಟಿದ್ದರೂ ದಾರಿಯಲ್ಲಿ ಅದರ ಅರ್ಥ ತಲೆಕೆಳಗಾಗಿದೆ. ಶಾಸ್ತ್ರದ ಜಾಂಗಲ ನಮ್ಮ ಆಗುಂಬೆಯಲ್ಲ, ಚಳ್ಳಕೆರೆ.

ಈ ಎರಡು ಊರುಗಳ ನಡುವೆ ಒಂದೇ ಹಗಲಿನ ಪ್ರಯಾಣ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಶಿವಮೊಗ್ಗ ನಗರ ಇವೆರಡರ ನಡುವಿನ ಹೆಬ್ಬಾಗಿಲು. ಲಕ್ಷಣಗಳನ್ನು ನೋಡಿದರೆ ಸಾಧಾರಣ ದೇಶವೆನ್ನಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯ ಕೆಲವು ರೋಗಿಗಳಿಗೆ ಶಿವಮೊಗ್ಗದ ಮಗನ ಮನೆಯಲ್ಲಿ ಎರಡು ತಿಂಗಳು ಇರುವುದೇ ಸಾಕಾಗುತ್ತದೆ. ಅಂಥವರು ಮುಂದಿನ ಊರುಗಳ ಯೋಚನೆ ಮಾಡಬೇಕಾಗಿಲ್ಲ. ಭದ್ರಾವತಿಯದು ಬೇರೆ ಕಥೆ. ನಾಲೆಯ ನೀರಿನ ಗದ್ದೆಗಳು ಮತ್ತು ತೋಟಗಳು ಊರನ್ನು ಸುತ್ತುವರಿದಿವೆ. ದಶಕಗಳ ಕಾಲ ಕುಲುಮೆಯ ಮುಂದೆ ದುಡಿದ ಶ್ವಾಸಕೋಶಗಳಿಗೆ ಆ ತೇವವೂ ಸೇರಿದರೆ ಶ್ರಾವಣ ಕಳೆಯುವುದು ಕಷ್ಟ.

ತಮಕಶ್ವಾಸ, ಎಂದರೆ ಇಂದು ಆಸ್ತಮಾ ಎನ್ನುವ ರೋಗ, ಮೋಡ, ಮಳೆನೀರು, ಚಳಿ ಮತ್ತು ಮೂಡಣ ಗಾಳಿಯಿಂದ ಉಲ್ಬಣಿಸುತ್ತದೆಂದು ಚರಕರು ಸ್ಪಷ್ಟವಾಗಿ ಹೇಳಿದ್ದಾರೆ. ಆಧುನಿಕ ವೈದ್ಯರು ಇದಕ್ಕೆ ಮತ್ತೊಂದು ಕಾರಣವನ್ನು ಸೇರಿಸುತ್ತಾರೆ. ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಬದುಕುವ ಕಣ್ಣಿಗೆ ಕಾಣದ ನುಸಿ ಮತ್ತು ಗೋಡೆಯ ಬೂಷ್ಟು ಅನೇಕರ ಶ್ವಾಸನಾಳವನ್ನು ಕೆರಳಿಸುತ್ತವೆ. ಗಾಳಿಯ ತೇವ ಶೇಕಡಾ 50ಕ್ಕಿಂತ ಕೆಳಗಿಳಿದರೆ ಆ ನುಸಿ ಬಾಳಲಾರದು. ನಮ್ಮ ಕಡೆಯ ಮಳೆಗಾಲದ ಮನೆಯನ್ನು ನೆನೆಯಿರಿ: ಒಲೆಯ ಮೇಲೆ ಒಣಗುವ ಬಟ್ಟೆ, ಬಚ್ಚಲ ಹೊಗೆ, ಹಸಿಗೋಡೆ, ಪೆಟ್ಟಿಗೆಯಿಂದ ತೆಗೆದ ಹಳೆಯ ಕಂಬಳಿ. ನುಸಿಗೆ ಇದಕ್ಕಿಂತ ಒಳ್ಳೆಯ ಛತ್ರ ಬೇಕೇ?

ಉಸಿರಿಗಾಗಿ ಊರು ಬದಲಿಸುವುದು ಹೊಸ ಪದ್ಧತಿಯೇನಲ್ಲ. ಕ್ಷಯಕ್ಕೆ ಔಷಧವಿಲ್ಲದ ಕಾಲದಲ್ಲಿ ಒಣಹವೆಯೇ ಔಷಧವಾಗಿತ್ತು. ಆಂಧ್ರದ ಮದನಪಲ್ಲಿಯ ಬಳಿಯ ಆರೋಗ್ಯವರಂ ಹಾಗೆ ಹುಟ್ಟಿದ್ದು. ನಮ್ಮ ಬೆಳಗಾವಿ ಸೀಮೆಯ ಘಟಪ್ರಭೆಯಲ್ಲಿ ನಾ.ಸು. ಹರ್ಡೀಕರರು ಮತ್ತು ಅವರ ಸಂಗಾತಿಗಳು ಕಟ್ಟಿ ಬೆಳೆಸಿದ ಆರೋಗ್ಯಧಾಮವೂ ಮಲೆನಾಡಿನ ತೇವದಿಂದ ದೂರದ ಒಣನೆಲದಲ್ಲಿಯೇ ಇದೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಕ್ಷಯರೋಗಿಗಳ ವಲಸೆ ನಿಂತಿತು. ಅಮೆರಿಕದ ಅರಿಜೋನಾ ಮರುಭೂಮಿಯ ಟೂಸಾನ್ ನಗರದ ಕಥೆ ನಮಗೆ ಹೆಚ್ಚು ಬೋಧಪ್ರದವೆನಿಸುತ್ತದೆ. ಶ್ವಾಸರೋಗಿಗಳು ಸಾವಿರಾರು ಮಂದಿ ಅಲ್ಲಿಗೆ ಹೋಗಿ ನೆಲೆಸಿದರು. ನೆಲೆಸಿದವರು ನೆರಳಿಗೆಂದು ಹಿಪ್ಪುನೇರಳೆ, ಆಲಿವ್ ಮರಗಳನ್ನು ನೆಟ್ಟರು, ಹುಲ್ಲುಹಾಸು ಬೆಳೆಸಿದರು. ಆ ಗಿಡಮರಗಳ ಪರಾಗ ಗಾಳಿ ತುಂಬಿ, ಯಾವ ರೋಗದಿಂದ ತಪ್ಪಿಸಿಕೊಂಡು ಬಂದಿದ್ದರೋ ಅದೇ ರೋಗ ಬಾಗಿಲಿಗೆ ಬಂದು ನಿಂತಿತು. ಕೊನೆಗೆ 1980ರ ದಶಕದಲ್ಲಿ ಅಲ್ಲಿನ ಸ್ಥಳೀಯ ಆಡಳಿತ ಅಂತಹ ಸಸಿಗಳ ಮಾರಾಟವನ್ನೇ ನಿಷೇಧಿಸಬೇಕಾಯಿತು.

ನಮ್ಮ ಬಯಲುಸೀಮೆಗೂ ಅದರದೇ ಪರಾಗಗಳಿವೆ. ಬಳ್ಳಾರಿ ಜಾಲಿ ಒಂದು. 1950ರ ದಶಕದಲ್ಲಿ ದೇಶದೊಳಗೆ ಕಾಲಿಟ್ಟು ಎಲ್ಲೆಡೆ ಹಬ್ಬಿದ ಕಾಂಗ್ರೆಸ್ ಗಿಡ ಇನ್ನೊಂದು. ಆದ್ದರಿಂದ ತಿಂಗಳ ಆಯ್ಕೆ ಊರಿನ ಆಯ್ಕೆಗಿಂತ ಮುಖ್ಯ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಚಿತ್ರದುರ್ಗದ ಸೀಮೆಯಲ್ಲಿ ಮೋಡ ತೇಲಿಹೋಗುತ್ತದೆ, ಗಾಳಿ ಬೀಸುತ್ತದೆ, ಬೇಸಗೆಯ ಉರಿ ಇಳಿದಿರುತ್ತದೆ, ಮಳೆ ಮಾತ್ರ ಅಲ್ಪ. ಅಲ್ಲಿ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ; ಅದರ ಬೆನ್ನಿಗೇ ಬೀಳುಭೂಮಿಗಳಲ್ಲಿ ಕಾಂಗ್ರೆಸ್ ಗಿಡ ಬಿಳಿಹೂ ಹೊತ್ತು ನಿಲ್ಲುತ್ತದೆ. ಕಾರಹುಣ್ಣಿಮೆ ಕಳೆದ ಮೇಲೆ ಹೋಗಿ ಗಣೇಶನ ಹಬ್ಬದ ಹೊತ್ತಿಗೆ ಹಿಂದಿರುಗಿ ಎಂದು ನಾವು ಹೇಳುವುದು ಈ ಲೆಕ್ಕದಿಂದ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಇನ್ನು ಊರುಗಳು. ಬಳ್ಳಾರಿ, ಸಂಡೂರುಗಳನ್ನು ಶ್ವಾಸರೋಗಿಗಳಿಗೆ ನಾವು ಸೂಚಿಸುವುದಿಲ್ಲ. ಅದಿರಿನ ಕೆಂಧೂಳಿನ ಮುಂದೆ ಒಣಹವೆಯ ಗುಣ ನಿಲ್ಲದು. ಚಳ್ಳಕೆರೆ ನಿಧಾನಗತಿಯ ಊರು, ಸುತ್ತಲೂ ಅಮೃತಮಹಲ್ ಕಾವಲಿನ ಬಯಲು, ಹವೆ ಉತ್ತಮ. ಆದರೆ ಅದು ಶೇಂಗಾದ ಪೇಟೆ, ಎಣ್ಣೆಗಿರಣಿಗಳ ಊರು. ಕಾಯಿಯ ಸಿಪ್ಪೆಯ ಧೂಳು ಹಾರುವ ಬೀದಿಯಲ್ಲಿ ಮನೆ ಹಿಡಿಯಬಾರದು. ಮೊಳಕಾಲ್ಮೂರು ಇನ್ನೂ ಶಾಂತ. ರೇಷ್ಮೆ ಸೀರೆಯ ಮಗ್ಗದ ಸದ್ದು, ಹತ್ತಿರದಲ್ಲೇ ಅಶೋಕನ ಶಾಸನಗಳಿರುವ ಬ್ರಹ್ಮಗಿರಿ. ಸಂಜೆ ನಡೆಯಲು ಇದಕ್ಕಿಂತ ಒಳ್ಳೆಯ ನೆಲವಿಲ್ಲ. ಆದರೆ ದೊಡ್ಡ ಆಸ್ಪತ್ರೆ ದೂರ. ಮಧ್ಯರಾತ್ರಿ ಉಸಿರು ಕಟ್ಟುವವರಿಗೆ ಆ ದೂರ ಸಲ್ಲದು.

ಹಿರಿಯೂರಿನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಕ್ಷೆಯಲ್ಲಿ ಅದು ಒಣನಾಡಿನ ನಡುವೆ ಇದೆ. ಆದರೆ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿ ವಿಲಾಸ ಸಾಗರದ ನಾಲೆಯ ಕೆಳಗೆ ತೆಂಗು, ಅಡಿಕೆ, ಬಾಳೆ ಬೆಳೆದು, ಜಾಂಗಲದ ನಡುವೆ ಒಂದು ತುಂಡು ಆನೂಪ ಸೃಷ್ಟಿಯಾಗಿದೆ. 1933ರ ನಂತರ 2022ರಲ್ಲಿ ಆ ಜಲಾಶಯ ಮತ್ತೆ ಕೋಡಿ ಬಿದ್ದಿತು. ಈಗ ನಮ್ಮ ಭದ್ರೆಯ ನೀರೂ ಮೇಲ್ದಂಡೆ ಯೋಜನೆಯ ಮೂಲಕ ಅಲ್ಲಿಗೆ ಹರಿಯುತ್ತದೆ. ಭದ್ರಾವತಿಯ ತೇವದಿಂದ ಓಡಿಹೋದವನನ್ನು ಭದ್ರೆಯೇ ಹುಡುಕಿಕೊಂಡು ಹೋದಂತಾಯಿತು! ಹಿರಿಯೂರನ್ನೇ ಆರಿಸುವವರು ತೋಟದ ಬದಿಯನ್ನು ಬಿಟ್ಟು, ನಾಲೆಯಿಂದ ದೂರ, ಎತ್ತರದ ಕಲ್ಲುನೆಲದಲ್ಲಿ ಮನೆ ನೋಡಬೇಕು.

ಒಟ್ಟಿನಲ್ಲಿ ನಮ್ಮ ಮೊದಲ ಸಲಹೆ ಚಿತ್ರದುರ್ಗ. ಎತ್ತರದ ಬಂಡೆನೆಲ, ಜೋಗಿಮಟ್ಟಿಯ ಕಡೆಯಿಂದ ಎಡೆಬಿಡದ ಗಾಳಿ, ಜಿಲ್ಲಾ ಆಸ್ಪತ್ರೆ ಊರಿನಲ್ಲಿಯೇ ಇದೆ, ಶಿವಮೊಗ್ಗದಿಂದ ನೂರು ಕಿಲೋಮೀಟರಿನ ಆಸುಪಾಸು, ಮಕ್ಕಳು ಭಾನುವಾರ ಬಂದು ನೋಡಿಹೋಗಬಹುದು. ಹೆದ್ದಾರಿಯ ಪಕ್ಕದಲ್ಲಿ, ಕಲ್ಲು ಪುಡಿಮಾಡುವ ಘಟಕಗಳ ಹತ್ತಿರದಲ್ಲಿ ಮನೆ ಬೇಡ. ಮನೆಯ ಹಿಂದೆ ಮುಂದೆ ಖಾಲಿ ನಿವೇಶನಗಳಿದ್ದರೆ ಅಲ್ಲಿ ಬೆಳೆದಿರುವುದು ಏನೆಂದು ಮುಂಗಡ ಕೊಡುವ ಮೊದಲೇ ನೋಡಿ.

ನೀರಿನ ಬಗೆಗೆ ಗಾಳಿಯಷ್ಟೇ ಎಚ್ಚರ ಬೇಕು. ಈ ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಧಿಕ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ದೇಶದ ಮಾನದಂಡ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಸಾಂದ್ರವಾಗುತ್ತದೆ. ಕುದಿಸಿ ಆರಿಸಿದ ನೀರೇ ಅಮೃತವೆಂದು ನಂಬಿದ ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು. ಚಿತ್ರದುರ್ಗ ನಗರಕ್ಕೆ ಸೂಳೆಕೆರೆಯ ಮತ್ತು ವಾಣಿ ವಿಲಾಸ ಸಾಗರದ ನೀರು ಬರುತ್ತದೆ. ಆ ನಲ್ಲಿಯ ನೀರು ಬರುವ ಮನೆಯನ್ನೇ ಹಿಡಿಯಿರಿ, ಇಲ್ಲವೇ ಶುದ್ಧ ನೀರಿನ ಘಟಕದಿಂದ ತನ್ನಿ. ಹತ್ತು ವಾರದ ವಾಸದಿಂದ ಹಿರಿಯರಿಗೆ ದೊಡ್ಡ ಹಾನಿಯಾಗದು. ಜೊತೆಗೆ ಬರುವ ಮೊಮ್ಮಕ್ಕಳ ಹಲ್ಲು ಇನ್ನೂ ರೂಪುಗೊಳ್ಳುತ್ತಿರುತ್ತವೆ, ಅವರ ಮಾತು ಬೇರೆ.

ಯಾರು ಹೋಗಬಾರದು? ಮೂತ್ರಾಶ್ಮರಿಯ ತೊಂದರೆ ಇದ್ದವರು, ಚರ್ಮ ಒಡೆದು ಪೊರೆ ಏಳುವವರು, ಮೂಗಿನಿಂದ ರಕ್ತ ಬರುವ ಪಿತ್ತಪ್ರಕೃತಿಯವರು. ಕೀಲುನೋವಿನವರಲ್ಲಿ ಭೇದವಿದೆ. ಊತ, ಭಾರ, ಮುಂಜಾನೆಯ ಬಿಗಿತವಿರುವ ಆಮವಾತಕ್ಕೆ ಒಣಹವೆ ಹಿತ. ಸವೆದು ಕಟಕಟ ಎನ್ನುವ ಸಂಧಿವಾತಕ್ಕೆ ಅಹಿತ. ಒಂದೇ ಮನೆಯ ಇಬ್ಬರಲ್ಲಿ ಇದು ಹೇಗೆ ವಿರುದ್ಧ ದಿಕ್ಕಿಗೆ ಹೋಗುತ್ತದೆಂಬುದನ್ನು ನಾವು ಕಂಡಿದ್ದೇವೆ. ಭದ್ರಾವತಿಯ ನಿವೃತ್ತ ಕಾರ್ಮಿಕರೊಬ್ಬರು ಇಪ್ಪತ್ತು ವರ್ಷದ ತಮಕಶ್ವಾಸದವರು. ಪತ್ನಿಯೊಂದಿಗೆ ಚಿತ್ರದುರ್ಗದ ಅಂಚಿನಲ್ಲಿ ಬಾಡಿಗೆಮನೆ ಹಿಡಿದು ಆಷಾಢ, ಶ್ರಾವಣ ಕಳೆದರು. ಮೂರನೆಯ ವಾರಕ್ಕೆ ಅವರು ಮಲಗಿ ನಿದ್ರಿಸಿದರು. ಅದುವರೆಗೆ ಮಳೆಗಾಲದ ರಾತ್ರಿಗಳಲ್ಲಿ ಕುಳಿತೇ ಬೆಳಗು ಮಾಡುತ್ತಿದ್ದವರು. ಅದೇ ವಾರ ಪತ್ನಿಯ ಮಂಡಿನೋವು ಹೆಚ್ಚಿತು, ಮಲಬದ್ಧತೆ ಶುರುವಾಯಿತು. “ಇವರಿಗೆ ಉಸಿರು ಸಿಕ್ಕಿತು, ನನಗೆ ಮಾತನಾಡಲು ಒಬ್ಬರೂ ಸಿಗಲಿಲ್ಲ” ಎಂದು ಆ ತಾಯಿ ನಮ್ಮ ಮುಂದೆ ಹೇಳಿದಾಗ ಯಜಮಾನರು ತಲೆ ತಗ್ಗಿಸಿದರು. ಎಣ್ಣೆ, ತುಪ್ಪಗಳಿಂದ ಮಂಡಿ ಸರಿಹೋಯಿತು. ಮಾತಿಗೆ ನಮ್ಮಲ್ಲಿ ಔಷಧವಿರಲಿಲ್ಲ.

ಆ ಯಜಮಾನರು ಸಂತೋಷದ ಭರದಲ್ಲಿ ಭದ್ರಾವತಿಯ ಮನೆ ಮಾರಿ ಅಲ್ಲಿಯೇ ನಿವೇಶನ ಕೊಳ್ಳಲು ಹೊರಟಿದ್ದರು. ಮೊದಲು ಕಾರ್ತೀಕದಲ್ಲಿ ಹದಿನೈದು ದಿನ ಇದ್ದು ನೋಡಿರೆಂದೆವು. ಹೋದರು, ಐದನೆಯ ದಿನವೇ ಸೀನು, ಉಬ್ಬಸ. ಬಯಲಿನ ತುಂಬ ಕಾಂಗ್ರೆಸ್ ಗಿಡ ಹೂಬಿಟ್ಟಿತ್ತು. ಮನೆ ಉಳಿಯಿತು. ಈಗ ಪ್ರತಿವರ್ಷ ಹತ್ತು ವಾರ ಹೋಗಿಬರುತ್ತಾರೆ, ಪತ್ನಿಯ ತಂಗಿಯನ್ನೂ ಕರೆದೊಯ್ಯುತ್ತಾರೆ.

ಹೋಗುವವರು ಅಭ್ಯಾಸಗಳನ್ನು ಒಂದೇ ದಿನ ಬದಲಿಸಬಾರದು. ಹಳೆಯದನ್ನು ಕಾಲುಭಾಗದಂತೆ ಬಿಡುತ್ತ ಹೊಸದನ್ನು ಕಾಲುಭಾಗದಂತೆ ಹಿಡಿಯುವ ಪಾದಾಂಶಕ್ರಮ ಇಲ್ಲಿಗೂ ಸಲ್ಲುತ್ತದೆ. ತನ್ನ ಊರಿನಲ್ಲಿ ಸಂಚಿತವಾದ ದೋಷ ಬೇರೆ ನೆಲದಲ್ಲಿ ಕೆರಳಿದರೂ ಅಷ್ಟು ಬಲಿಷ್ಠವಾಗದೆಂದೂ, ಇರುವ ನೆಲಕ್ಕೆ ತಕ್ಕಂತೆ ಉಂಡು ಮಲಗಿ ನಡೆಯುವವನಿಗೆ ನೆಲದ ಭಯವಿಲ್ಲವೆಂದೂ ಸುಶ್ರುತರು ಹೇಳಿರುವುದು ಎಲ್ಲ ವಲಸಿಗರಿಗೂ ಧೈರ್ಯದ ಮಾತು. ಅಲ್ಲಿನ ರಾಗಿ, ಜೋಳ, ನವಣೆಗಳು ರೂಕ್ಷ. ತುಪ್ಪ, ಮಜ್ಜಿಗೆ ಜೊತೆಗಿರಲಿ. ವಾರಕ್ಕೆರಡು ಸಲ ಎಳ್ಳೆಣ್ಣೆಯ ಅಭ್ಯಂಗ ಮಾಡಿ. ಬಾಯಾರಿಕೆ ಕಾಣದಿದ್ದರೂ ನೀರು ಕುಡಿಯಿರಿ. ಶೇಂಗಾ ಚಟ್ನಿಯ ಖಾರವನ್ನು ನಮ್ಮವರ ಹೊಟ್ಟೆ ಮೊದಲ ವಾರ ತಾಳದು.

ಇನ್ಹೇಲರ್ ಬಳಸುವವರು ಹವೆ ಬದಲಾಯಿತೆಂದು ಅದನ್ನು ಬಿಡಕೂಡದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಹೊರಡುವ ಮೊದಲು ತಮ್ಮ ವೈದ್ಯರನ್ನು ಕಾಣಲಿ. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾಗದಿದ್ದರೆ, ತುಟಿ ನೀಲಿಯಾದರೆ, ಇನ್ಹೇಲರ್ ಎಳೆದರೂ ಉಪಶಮನ ನಿಲ್ಲದಿದ್ದರೆ ಕಷಾಯ ಕಾಯಿಸುತ್ತ ಕೂರಬೇಡಿ, ನಮಗೆ ದೂರವಾಣಿ ಮಾಡುತ್ತಲೂ ಕೂರಬೇಡಿ. ಜಿಲ್ಲಾ ಆಸ್ಪತ್ರೆಗೆ ಹೊರಡಿ.

ಹಿಂದಿರುಗುವ ದಿನವನ್ನು ಅನೇಕರು ಲಘುವಾಗಿ ತೆಗೆದುಕೊಳ್ಳುತ್ತಾರೆ. ಹತ್ತು ವಾರ ಮುಚ್ಚಿದ್ದ ಮಲೆನಾಡಿನ ಮನೆಯೊಳಗೆ ಬೂಷ್ಟು ಬೆಳೆದಿರುತ್ತದೆ. ರೋಗಿಯೇ ಬೀಗ ತೆಗೆದು ಕಸ ಗುಡಿಸಲು ನಿಂತರೆ ಗಳಿಸಿದ್ದೆಲ್ಲ ಅಂದೇ ರಾತ್ರಿ ಕಳೆದುಹೋಗುತ್ತದೆ. ಮನೆಯ ಕಿರಿಯರು ಒಂದು ವಾರ ಮುಂಚೆ ಹೋಗಿ ಕಿಟಕಿಗಳನ್ನು ತೆರೆದು, ಗೋಡೆಗೆ ಸುಣ್ಣ ಹೊಡೆದು, ಹಾಸಿಗೆ ದಿಂಬುಗಳನ್ನು ಎರಡು ಬಿಸಿಲು ಕಾಯಿಸಿ, ಕಂಬಳಿಗಳನ್ನು ಬಿಸಿನೀರಿನಲ್ಲಿ ಒಗೆದಿಡಲಿ. ಹಿರಿಯರು ಅದಾದ ಮೇಲೆ ಬಸ್ಸು ಹತ್ತಲಿ.