ಕತ್ತೆತ್ತಿ ನೋಡುವವರ ಹವ್ಯಾಸ

2023ರ ಆಗಸ್ಟ್ 20, ಭಾನುವಾರ ಬೆಳಿಗ್ಗೆ. ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ವಿಮಾನವೊಂದು ಬಿತ್ತು. ಅದರಲ್ಲಿ ಪೈಲಟ್ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಡಿಆರ್‌ಡಿಒ ಪರೀಕ್ಷಿಸುತ್ತಿದ್ದ 'ತಪಸ್' ಎಂಬ ಮಾನವರಹಿತ ವಿಮಾನ ಅದು. ಜನ ನೆರೆದರು, ಮೊಬೈಲುಗಳು ಹೊರಬಂದವು. ಇಪ್ಪತ್ತು ಮೀಟರಿಗೂ ಅಗಲವಾದ ರೆಕ್ಕೆಯ ಆ ಯಂತ್ರ ಹೇಗೆ ಬಿದ್ದಿದೆಯೆಂದು ಉಳಿದ ನಾಡಿಗೆ ತೋರಿಸಿದ್ದು ಊರಿನವರು ತೆಗೆದ ಆ ಚಿತ್ರಗಳೇ.

ವಿಮಾನ ಬೀಳಲೆಂದು ಕಾಯದೆ, ಹಾರುವುದನ್ನೇ ಕಾದು ಕುಳಿತು ಚಿತ್ರ ತೆಗೆಯುವವರೂ ಇದ್ದಾರೆ. ಕೆಲವರು ಅಂಚೆಚೀಟಿ ಕೂಡಿಡುವಂತೆ ಇವರು ವಿಮಾನಗಳನ್ನು ಕೂಡಿಡುತ್ತಾರೆ. ಯಾವ ಕಂಪನಿಯದು, ಯಾವ ಮಾದರಿ, ಬಾಲದ ಬಳಿ ಬರೆದ ನೋಂದಣಿ ಅಕ್ಷರಗಳೇನು ಎಂಬುದೆಲ್ಲ ಅವರ ಲೆಕ್ಕದಲ್ಲಿರುತ್ತದೆ. ನಮ್ಮ ದೇಶದ ನಾಗರಿಕ ವಿಮಾನವಾದರೆ ಆ ಅಕ್ಷರಗಳು 'ವಿಟಿ' ಎಂದೇ ಶುರುವಾಗುತ್ತವೆ. ಈ ಗೀಳು ಬೆಳೆದದ್ದು ಯುದ್ಧಕಾಲದ ಬ್ರಿಟನ್ನಿನಲ್ಲಿ. ತಲೆಯ ಮೇಲೆ ಬರುತ್ತಿರುವುದು ನಮ್ಮದೋ ಶತ್ರುವಿನದೋ ಎಂದು ನೆರಳಿನಾಕಾರದಿಂದಲೇ ಗುರುತಿಸುವುದನ್ನು ಅಲ್ಲಿ ಜನರಿಗೆ ಕಲಿಸಬೇಕಾಯಿತು. 1941ರಲ್ಲಿ ಅದಕ್ಕೆಂದೇ ಒಂದು ಪತ್ರಿಕೆಯೂ ಹೊರಟಿತು. ಯುದ್ಧ ಮುಗಿಯಿತು, ಚಟ ಉಳಿಯಿತು.

ನಮ್ಮಲ್ಲಿ ಇದರ ತವರು ಬೆಂಗಳೂರು. 2008ರ ಮೇ ತನಕ ಎಚ್‌ಎಎಲ್ ನಿಲ್ದಾಣ, ಆಮೇಲೆ ದೇವನಹಳ್ಳಿ. ಎರಡು ವರ್ಷಕ್ಕೊಮ್ಮೆ ಯಲಹಂಕದ ವೈಮಾನಿಕ ಪ್ರದರ್ಶನವಂತೂ ಇವರ ಪಾಲಿಗೆ ಜಾತ್ರೆ. 2022ರ ಅಕ್ಟೋಬರ್ 14ರಂದು ಎಮಿರೇಟ್ಸ್‌ನ ಎರಡಂತಸ್ತಿನ ಎ-380 ದೇವನಹಳ್ಳಿಯಲ್ಲಿ ಇಳಿದಾಗ ಕ್ಯಾಮೆರಾಗಳಿಗೆ ಬಿಡುವಿರಲಿಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ಆದರೂ ನಕ್ಷೆಯಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಗೆರೆ ಎಳೆದು ನೋಡಿ, ಅದು ಕೋಟೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಹೊಸದುರ್ಗ, ಹೊಳಲ್ಕೆರೆಯ ಕಡೆ ತೋಟದಲ್ಲಿ ನಿಂತವರಿಗೂ ಎತ್ತರದಲ್ಲಿ ಬಿಳಿ ಗೆರೆ ಬಿಟ್ಟು ಸಾಗುವ ವಿಮಾನ ಹೊಸದಲ್ಲ. ಎಂಜಿನ್ನಿನ ಬಿಸಿ ಆವಿ ಅಲ್ಲಿನ ಕೊರೆಯುವ ಚಳಿಗೆ ಹರಳುಗಟ್ಟಿದಾಗ ಮೂಡುವ ಗೆರೆ ಅದು. ಹೊಗೆಯಲ್ಲ.

ಅಪರೂಪದ ಬೇಟೆ ಇರುವುದು ಚಳ್ಳಕೆರೆ ತಾಲ್ಲೂಕಿನಲ್ಲಿ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲಿನಲ್ಲಿ ಡಿಆರ್‌ಡಿಒ ತನ್ನ ವೈಮಾನಿಕ ಪರೀಕ್ಷಾ ವಲಯವನ್ನು ಕಟ್ಟಿತು. 2017ರ ಮೇ 28ರಂದು ಅದರ ಉದ್ಘಾಟನೆಯಾಯಿತು. ಕುರಿ ಮೇಯಿಸುತ್ತಿದ್ದವರಿಗೆ ಹುಲ್ಲು ಹೋಯಿತು, ಬೇಲಿ ಬಂತು. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಮುಟ್ಟಿತು. ಅದೇ ಬೇಲಿಯೊಳಗೆ 2022ರ ಜುಲೈ 1ರಂದು ಬಾಲವೇ ಇಲ್ಲದ, ಬರೀ ರೆಕ್ಕೆಯಂತಿರುವ ಮಾನವರಹಿತ ವಿಮಾನವೊಂದು ತಾನಾಗಿ ಹಾರಿ ತಾನಾಗಿ ಇಳಿಯಿತು. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತೇಲಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇಂಥವು ಇನ್ನೆರಡು ನಡೆದವು. ಜಗತ್ತಿನ ಯಾವ ಹವ್ಯಾಸಿಯಾದರೂ ಹಂಬಲಿಸುವ ದೃಶ್ಯ!

ತೆಗೆಯುವುದು ಹೇಗೆ? ಬಯಲುಸೀಮೆಯ ದೊಡ್ಡ ಶತ್ರು ಮಧ್ಯಾಹ್ನ. ಕಾದ ನೆಲದ ಮೇಲಿನ ಗಾಳಿ ಕುದಿಯುವಂತೆ ಅಲುಗುವುದರಿಂದ ಎಷ್ಟೇ ದುಬಾರಿ ಲೆನ್ಸ್ ಇದ್ದರೂ ದೂರದ ಚಿತ್ರ ಕಲಸಿಹೋಗುತ್ತದೆ. ಬೆಳಗಿನ ಹೊತ್ತು, ಸೂರ್ಯ ಬೆನ್ನಿಗಿರಲಿ. ಜೆಟ್ ವಿಮಾನವಾದರೆ ಶಟರ್ ವೇಗ ಸೆಕೆಂಡಿನ ಸಾವಿರದ ಒಂದಂಶ ಇರಬೇಕು. ಹೆಲಿಕಾಪ್ಟರಿಗೆ ಆ ಲೆಕ್ಕ ಹೊಂದುವುದಿಲ್ಲ. ಅಷ್ಟು ವೇಗಕ್ಕೆ ರೆಕ್ಕೆಗಳು ನಿಂತಂತೆ ಕಂಡು, ಚಿತ್ರದಲ್ಲಿ ಅದು ಆಟಿಕೆಯ ಹಾಗಾಗುತ್ತದೆ. ಇನ್ನೂರರ ಒಂದಂಶಕ್ಕಿಳಿಸಿ ಕೈ ಅಲುಗದಂತೆ ಹಿಡಿಯುವುದೇ ಸರಿ.

ಇನ್ನು ಕಾನೂನು. 1937ರ ವಿಮಾನ ನಿಯಮಗಳಲ್ಲಿ 13ನೆಯದು, ಅನುಮತಿಯಿಲ್ಲದೆ ಸರ್ಕಾರಿ ನಿಲ್ದಾಣದಲ್ಲಿ ಚಿತ್ರ ತೆಗೆಯುವುದನ್ನು ನಿಷೇಧಿಸಿತ್ತು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಬಿಗಿ. ನಿಷಿದ್ಧ ಸ್ಥಳದ ನಕ್ಷೆ ಬರೆಯುವುದನ್ನು ತಡೆಯುವ ಅದರ ಪ್ರಕಾರ ಫೋಟೋ ಕೂಡ ನಕ್ಷೆಯೇ. ಹವ್ಯಾಸ, ಬೇಹುಗಾರಿಕೆಗಳ ನಡುವಿನ ಗೆರೆ ಪೊಲೀಸರಿಗೆ ಕಾಣದೆ ಹೋಗುವುದುಂಟು. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾತಾ ವಾಯುನೆಲೆಯ ಬಳಿ ಹನ್ನೆರಡು ಬ್ರಿಟಿಷರು, ಇಬ್ಬರು ಡಚ್ಚರು ಸೆರೆಯಾದರು. ವಿಮಾನದ ನಂಬರು ಬರೆದುಕೊಳ್ಳುವುದೂ ಒಂದು ಹವ್ಯಾಸವೆಂದರೆ ಅಲ್ಲಿನವರು ನಂಬಲೇ ಇಲ್ಲ. ಮರುವರ್ಷ ಏಪ್ರಿಲಿನಲ್ಲಿ ಶಿಕ್ಷೆಯಾಯಿತು, ನವೆಂಬರಿನಲ್ಲಿ ಮೇಲ್ಮನವಿಯಲ್ಲಿ ಬಿಡುಗಡೆ.

ಹಾಗಾಗಿ ಚಳ್ಳಕೆರೆಯ ಬೇಲಿಯ ಹತ್ತಿರ ಕ್ಯಾಮೆರಾ ಹಿಡಿದು ಅಡ್ಡಾಡುವುದು ಬೇಡ. ತಲೆಯ ಮೇಲಿನ ಹುಬ್ಬಳ್ಳಿ ವಿಮಾನದಿಂದಲೇ ಶುರುಮಾಡಬಹುದು. ಒಂದು ಮಾತು ಮಾತ್ರ ನಮ್ಮನ್ನು ಕಾಡುತ್ತದೆ. ಈ ಕಾನೂನುಗಳನ್ನು ಬರೆದವರ ಕಣ್ಣ ಮುಂದಿದ್ದದ್ದು ಬೇಲಿಯಾಚೆಯಿಂದ ಇಣುಕುವ ಗೂಢಚಾರ. ವದ್ದಿಕೆರೆಯಲ್ಲಿ ಬೇಲಿ ದಾಟಿ ಬಂದದ್ದು ವಿಮಾನ, ತನ್ನ ಹೊಲದಲ್ಲಿದ್ದವನು ರೈತ.